ಯಾವ ವಿಮಾನ ಕಂಪೆನಿ ಒಳ್ಳೆಯದು?

ವಿಮಾನ ಬಿತ್ತು ಎಂದು ಸುದ್ದಿ ಬಂದರೆ ನಮ್ಮ ಕಿರಿಮಂಜೇಶ್ವರದಲ್ಲಿ ಮೊದಲು ಕೇಳುವುದು "ಯಾವ ಕಂಪೆನಿದ್?" ಎಂದು. ಅದಕ್ಕೆ ಕಾರಣ ಉಂಟು. ನಮ್ಮ ಕಡೆಯ ತುಂಬಾ ಜನ ದುಬೈ, ಕುವೈಟ್, ಬಹರೈನ್‌ಗಳಲ್ಲಿ ಕೆಲಸಕ್ಕಿದ್ದಾರೆ. ನನ್ನ ಮಾವನೂ ದುಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು, ಅದರಲ್ಲಿದ್ದ 242 ಜನರಲ್ಲಿ ಒಬ್ಬರು ಮಾತ್ರ ಬದುಕಿದರು. ಅಂದಿನಿಂದ ನಮ್ಮ ಅಮ್ಮಮ್ಮ "ಯಾವ್ ವಿಮಾನದಂಗೆ ಬಂದ್ರೆ ಹೆದ್ರಿಕಿ ಇಲ್ಲೆ, ಕಂಡ್ ಹೇಳ್ ಮಗಾ" ಎಂದು ನನ್ನ ಬೆನ್ನು ಹಿಡಿದರು. ಓದಿ, ಮೇಷ್ಟ್ರ ಹತ್ತಿರ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಎಲ್ಲರೂ ಮಾಡುವುದು ಸತ್ತವರ ಲೆಕ್ಕ. ಅದು ಸಾಲದು. ಕೊಡೇರಿಯಲ್ಲಿ ಎರಡು ದೋಣಿ ಇವೆ ಎಂದು ಇಟ್ಟುಕೊಳ್ಳಿ. ಒಂದು ದೋಣಿ 200 ಸಲ ಕಡಲಿಗೆ ಹೋಗಿ 4 ಸಲ ಬಲೆ ಹರಿದುಕೊಂಡಿತು. ಇನ್ನೊಂದು 10 ಸಲ ಹೋಗಿ 1 ಸಲ ಹರಿದುಕೊಂಡಿತು. ನಾಲ್ಕು ದೊಡ್ಡದು, ಒಂದು ಸಣ್ಣದು ಎಂದರೆ ತಪ್ಪಾಯಿತು. ಮೊದಲನೆಯದು 50ಕ್ಕೆ 1, ಎರಡನೆಯದು 10ಕ್ಕೆ 1. ನಮ್ಮ ಗಣಿತದ ಅನುಪಾತದ ಪಾಠವೇ ಇದು. ವಿಮಾನಕ್ಕೂ ಹಾಗೆಯೇ, ಎಷ್ಟು ಸಲ ಹಾರಿತು ಎಂದು ನೋಡಬೇಕು.

ಇನ್ನೊಂದು ತೊಂದರೆ ಸೊನ್ನೆಯದು. ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ಎಂಬ ವಿಮಾನ ಇತ್ತು. 1976ರಿಂದ 24 ವರ್ಷ ಪ್ರಯಾಣಿಕರನ್ನು ಹೊತ್ತು ಹಾರಿದರೂ ಅದರಲ್ಲಿ ಒಬ್ಬರೂ ಸಾಯಲಿಲ್ಲ. 2000ರ ಜುಲೈ 25ರಂದು ಪ್ಯಾರಿಸ್ ಹತ್ತಿರ ಒಂದು ಬಿದ್ದು 113 ಮಂದಿ ಸತ್ತರು. ಇದ್ದದ್ದೇ ಕೆಲವು ವಿಮಾನ, ಹಾರಿದ್ದೂ ಕಡಿಮೆ. ಹಾಗಾಗಿ ಒಂದೇ ದಿನದಲ್ಲಿ ಅದರ ಲೆಕ್ಕ ಎಲ್ಲರಿಗಿಂತ ಕೆಳಗೆ ಬಂತು. ಆಸ್ಟ್ರೇಲಿಯದ ಕ್ವಾಂಟಾಸ್ ಕಂಪೆನಿಯ ಜೆಟ್ ವಿಮಾನಗಳ ಅಪಘಾತದಲ್ಲಿ ಇದುವರೆಗೆ ಯಾರೂ ಸತ್ತಿಲ್ಲ. ಅದು ತುಂಬಾ ವರ್ಷದ ಲೆಕ್ಕ, ಆದ್ದರಿಂದ ನಂಬಬಹುದು. ಆದರೆ ಅದು ಮಂಗಳೂರಿಗೆ ಬರುವುದಿಲ್ಲವಲ್ಲ!

ಈಗ ನಮ್ಮ ಬಜ್ಪೆಗೆ ಬರೋಣ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಶುರುವಾದದ್ದು 2005ರಲ್ಲಿ. 2010ರ ಮೇ 21ರಂದು ನೋಡಿದ್ದರೆ ಅದರ ಲೆಕ್ಕದಲ್ಲೂ ಸತ್ತವರು ಸೊನ್ನೆ. ಮಾರನೇ ದಿನ ಬೆಳಿಗ್ಗೆ ಆರು ಗಂಟೆ ದಾಟಿದ ಮೇಲೆ ದುಬೈಯಿಂದ ಬಂದ ಅದರ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ಸತ್ತರು, 8 ಮಂದಿ ಬದುಕಿದರು. ಅಲ್ಲಿಯ ರನ್‌ವೇ ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ್ದು. ಅದನ್ನು ಟೇಬಲ್‌ಟಾಪ್ ಎನ್ನುತ್ತಾರೆ. ಮೇಜಿನ ಅಂಚಿನವರೆಗೆ ಗೋಲಿ ಉರುಳಿಸಿದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ರನ್‌ವೇಯ ಉದ್ದ ಸುಮಾರು 2450 ಮೀಟರ್. ಸುಮಾರು 1600 ಮೀಟರ್ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು.

ವಿಮಾನ ಸರಿಯಾದ ಎತ್ತರದಲ್ಲಿ, ಸರಿಯಾದ ವೇಗದಲ್ಲಿ ಬಾರದಿದ್ದರೆ ಇಳಿಸಬಾರದು. ಮತ್ತೆ ಮೇಲೆತ್ತಿ ಒಂದು ಸುತ್ತು ಹಾಕಿ ಬರಬೇಕು. ಸ್ವಲ್ಪ ಇಂಧನ, ಸ್ವಲ್ಪ ಹೊತ್ತು ಹೆಚ್ಚು ಬೇಕು, ಅಷ್ಟೆ. ಆ ದಿನ ಎರಡನೇ ಪೈಲಟ್ ಮೂರು ಸಲ ಸುತ್ತು ಹಾಕೋಣ ಎಂದರು. ಯಂತ್ರವೂ ಎಚ್ಚರಿಸಿತು. ದೊಡ್ಡ ಪೈಲಟ್ ಕೇಳಲಿಲ್ಲ. ಅವರು ದಾರಿಯಲ್ಲಿ ತುಂಬಾ ಹೊತ್ತು ನಿದ್ದೆ ಮಾಡಿದ್ದರು ಎಂದೂ ತನಿಖೆಯಲ್ಲಿ ತಿಳಿಯಿತು.

2020ರ ಆಗಸ್ಟ್ 7ರಂದು ಅದೇ ಕಂಪೆನಿಯ ವಿಮಾನ ದುಬೈಯಿಂದಲೇ ಬಂದು ಕೇರಳದ ಕಲ್ಲಿಕೋಟೆಯಲ್ಲಿ ಜೋರು ಮಳೆಯಲ್ಲಿ ಇಳಿಯಿತು. ಅದೂ ಟೇಬಲ್‌ಟಾಪ್. 190 ಜನರಲ್ಲಿ 21 ಮಂದಿ ಸತ್ತರು. ತನಿಖೆಯ ವರದಿ ನೋಡಿದರೆ ಅಲ್ಲಿಯೂ ಚಕ್ರ ನೆಲ ಮುಟ್ಟಿದ್ದು ಅರ್ಧ ರನ್‌ವೇ ಆದ ಮೇಲೆ. ಅಲ್ಲಿಯೂ ಎರಡನೇ ಪೈಲಟ್ ಸುತ್ತು ಹಾಕಲು ಹೇಳಿದ್ದರು, ದೊಡ್ಡವರು ಹಾಕಲಿಲ್ಲ.

158 ಮತ್ತು 21 ಎಂದು ಹೋಲಿಸಿದರೆ ಕಲ್ಲಿಕೋಟೆಯದು ಸಣ್ಣದು. ಆದರೆ ನನಗೆ ಹೆಚ್ಚು ಹೆದರಿಕೆ ಆದದ್ದು ಅದನ್ನು ಓದಿಯೇ. ಬೇರೆ ಕಾರಣಕ್ಕೆ ಬಿದ್ದಿದ್ದರೆ ಬೇರೆ ಮಾತು. ಹತ್ತು ವರ್ಷ ಕಳೆದರೂ ಅದೇ ಮಾತನ್ನು ಹೇಳಿದವರು ಇದ್ದರು, ಕೇಳದವರೂ ಇದ್ದರು. ಎರಡು ಕಂಪೆನಿ ಹೋಲಿಸುವಾಗ ಎಷ್ಟು ಸಲ ಬಿತ್ತು ಎನ್ನುವುದಕ್ಕಿಂತ, ಬಿದ್ದ ಕಾರಣ ಮತ್ತೆ ಬಂತೋ ಇಲ್ಲವೋ ಎಂದು ನಾನು ಮೊದಲು ನೋಡುತ್ತೇನೆ.