ಒಂದು ಮರಿಯೋ, ಜೋಡಿಯೋ?

ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬೋರ್ಡೋ ದ್ರಾವಣ, ಕೊಳೆರೋಗ, ಕಾಂಡಕೊರಕ, ಧಾರಣೆ ಇವುಗಳ ವಿಚಾರವನ್ನೇ ಬರೆಯುತ್ತ ಬಂದಿದ್ದೇನೆ. ಈ ಸಲ ಬೆಕ್ಕಿನ ವಿಚಾರ ಬರೆದದ್ದನ್ನು ಕಂಡು, ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೆಂದು ಸದಸ್ಯ ಬಾಂಧವರು ಭಾವಿಸಬಾರದಾಗಿ ಪ್ರಾರ್ಥನೆ. ಬೆಕ್ಕಿಲ್ಲದ ಉಗ್ರಾಣ ನಮ್ಮಲ್ಲಿಲ್ಲ. ಮಕ್ಕಳಲ್ಲಿ ಒಬ್ಬರಾದರೂ ಬೆಂಗಳೂರಿನಲ್ಲಿಲ್ಲದ ಮನೆಯೂ ಅಪರೂಪ. ಊರಿನಿಂದ ಹೊರಡುವಾಗ ಕಾಫಿ ಪುಡಿ, ಹಪ್ಪಳ, ಮಿಡಿ ಉಪ್ಪಿನಕಾಯಿಯ ಜೊತೆಗೆ ಮೊಮ್ಮಕ್ಕಳಿಗೆಂದು ಒಂದು ಬೆಕ್ಕಿನ ಮರಿಯನ್ನೂ ಬುಟ್ಟಿಯಲ್ಲಿಟ್ಟು ಒಯ್ಯುವ ರೂಢಿ ನಮ್ಮ ಕೊಪ್ಪ ಸೀಮೆಯಲ್ಲಿದೆ. ಹಾಗೆ ಒಯ್ದವರಲ್ಲಿ ನಾನೂ ಒಬ್ಬ. ಮಾಡಿದ ತಪ್ಪನ್ನು ಹೇಳಿಕೊಳ್ಳದೆ ಬುದ್ಧಿ ಹೇಳಲು ಹೊರಡುವುದು ಸರಿಯಲ್ಲವಾದ್ದರಿಂದ ಅದನ್ನು ಮೊದಲು ಹೇಳುತ್ತೇನೆ.

ಬುಟ್ಟಿಯಲ್ಲಿ ಹೋದ ಮರಿ

2022ರ ಫೆಬ್ರವರಿಯಲ್ಲಿ ನಮ್ಮ ಉಗ್ರಾಣದ ಅಡಿಕೆ ಮೂಟೆಗಳ ಸಂದಿಯಲ್ಲಿ ಬೆಕ್ಕು ನಾಲ್ಕು ಮರಿ ಹಾಕಿತ್ತು. ಬೆಂಗಳೂರಿನ ಆರ್.ಟಿ. ನಗರದಲ್ಲಿರುವ ಮಗಳ ಮನೆಗೆ ಹೋಗುವಾಗ ಅವುಗಳಲ್ಲಿ ಚೆಂದದ್ದೊಂದನ್ನು ಆರಿಸಿ, ರಾತ್ರಿ ಬಸ್ಸಿನಲ್ಲಿ ಒಯ್ದೆ. ಮರಿಗೆ ಆಗ ಐದು ವಾರವೂ ತುಂಬಿರಲಿಲ್ಲ. "ಇನ್ನೊಂದು ಹದಿನೈದು ದಿನ ತಾಯಿ ಹತ್ತಿರ ಇರಲಿ, ತಾಯಿ ಕೂಗುತ್ತದೆ" ಎಂದು ಮನೆಯಾಕೆ ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಗಳು ಮತ್ತು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆ ಆರಕ್ಕೆ. ಅಷ್ಟು ಹೊತ್ತೂ ಒಂಟಿಯಾಗಿದ್ದ ಮರಿ, ಬಾಗಿಲು ತೆರೆದೊಡನೆ ಕಾಲಿಗೆ ಹಾರಿ ಹಿಡಿಯುತ್ತಿತ್ತು. ಮೊದಲು ಎಲ್ಲರಿಗೂ ಅದು ಆಟವಾಗಿ ಕಂಡಿತು. ಮರಿ ಬೆಳೆದಂತೆ ಹಲ್ಲೂ ಉಗುರೂ ಬಲಿತವು. ಏಪ್ರಿಲ್ ಕೊನೆಗೆ ಐದು ವರ್ಷದ ಮೊಮ್ಮಗಳ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿತು. ಮಗುವಿಗೆ ರೇಬೀಸ್ ಚುಚ್ಚುಮದ್ದುಗಳ ಸರದಿಯೇ ಆಯಿತು. ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಮೇ ತಿಂಗಳಲ್ಲಿ ಅದೇ ಬುಟ್ಟಿಯಲ್ಲಿ ಮರಿಯನ್ನು ನಾನೇ ತೋಟಕ್ಕೆ ವಾಪಸು ತಂದೆ.

ತಾಯಿ ಅದನ್ನು ಗುರುತಿಸಲಿಲ್ಲ, ಬುಸುಗುಟ್ಟಿ ಓಡಿಸಿತು. ಅದಕ್ಕೆ ಇಲಿ ಹಿಡಿಯಲು ಬಾರದು, ನಾಯಿಯನ್ನು ಕಂಡರೆ ಮರ ಹತ್ತಬೇಕೆಂದೂ ತಿಳಿಯದು. ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ದಿನ ಹೊರಗೆ ಹೋದದ್ದು ಮತ್ತೆ ಬರಲಿಲ್ಲ. "ಮರಿ ಹೇಗಿದೆ ಅಜ್ಜಯ್ಯ?" ಎಂದು ಮೊಮ್ಮಗಳು ಫೋನಿನಲ್ಲಿ ಕೇಳಿದಾಗಲೆಲ್ಲ "ಚೆನ್ನಾಗಿದೆ" ಎಂದು ಸುಳ್ಳು ಹೇಳಿದ್ದೇನೆ.

ಮೆಟ್ಟಿಲ ಕೆಳಗಿನ ಎರಡು

2025ರ ಮಾರ್ಚಿಯಲ್ಲಿ ಕಾಫಿ ಬೋರ್ಡಿನಲ್ಲಿ ಕೆಲಸವಿದ್ದು ಬೆಂಗಳೂರಿಗೆ ಹೋದವನು ಮಗಳ ಮನೆಯಲ್ಲಿ ಉಳಿದೆ. ಆ ವಾರವಷ್ಟೇ ಅವರ ಬೀದಿಯ ಬೆಕ್ಕೊಂದು ಮುಖ್ಯರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತ್ತು. ಅದರ ಎರಡು ಮರಿಗಳು ಮೆಟ್ಟಿಲ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿದ್ದವು; ಒಂದು ಕಪ್ಪು, ಇನ್ನೊಂದು ಬಿಳಿಯ ಮೇಲೆ ಕಂದು ಮಚ್ಚೆ. ಮೊಮ್ಮಗಳಿಗೆ ಈಗ ಎಂಟು ವರ್ಷ. ಎರಡೂ ಬೇಕೆಂಬುದು ಅವಳ ಹಟ. ಒಂದೂ ಬೇಡವೆಂಬುದು ಅಳಿಯನ ಮಾತು. ಬೇಕೇಬೇಕಾದರೆ ಒಂದು ಸಾಕೆಂಬುದು ಮಗಳ ರಾಜಿಸೂತ್ರ. ಕೆಳಮನೆಯಲ್ಲಿರುವ ಯಜಮಾನರನ್ನು ಇನ್ನೂ ಕೇಳಿಯೇ ಇರಲಿಲ್ಲ.

"ಅಪ್ಪಯ್ಯ, ನೀವೇ ಹೇಳಿ, ಒಂದೋ ಎರಡೋ?" ಎಂದಳು ಮಗಳು. ಇಪ್ಪತ್ತು ವರ್ಷ ಸಂಘದ ಸಭೆಗಳಲ್ಲಿ ಠರಾವು ಬರೆದವನಿಗೆ ಅಂದು ಉತ್ತರ ತೋಚಲಿಲ್ಲ. ತಿಳಿಯದ ವಿಷಯವನ್ನು ತಿಳಿದವರಲ್ಲಿ ಕೇಳುವುದೇ ಲೇಸೆಂದು, ಮರುದಿನ ಬೆಳಗ್ಗೆ ಪೆಟ್ಟಿಗೆಯ ಸಮೇತ ಆಟೋ ಹತ್ತಿ ಹೆಬ್ಬಾಳದ ಕಡೆ ಹೊರಟೆವು.

ಬಳ್ಳಾರಿ ರಸ್ತೆಯಲ್ಲಿರುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾದದ್ದು. ನಮ್ಮ ದನಕರುಗಳಿಗೆ ಔಷಧಿ ಕೊಡುವ ಎಷ್ಟೋ ಮಂದಿ ಡಾಕ್ಟರುಗಳು ಓದಿದ್ದು ಅಲ್ಲಿಯೇ. ಅಲ್ಲಿನ ಆಸ್ಪತ್ರೆಯಲ್ಲಿ ಎಮ್ಮೆ, ನಾಯಿ, ಗಿಳಿಗಳ ನಡುವೆ ಸರದಿ ಕಾದೆವು. ಡಾಕ್ಟರು ಮೊದಲು ಮಾಡಿದ ಕೆಲಸ ಮರಿಗಳನ್ನು ತಕ್ಕಡಿಗೆ ಹಾಕಿದ್ದು. ಮರಿ ತಿಂಗಳಿಗೆ ಸುಮಾರು ಅರ್ಧ ಕಿಲೋದಂತೆ ಬೆಳೆಯುತ್ತದೆ ಎಂಬುದು ಅವರ ಲೆಕ್ಕ. ಇವೆರಡೂ ಒಂದು ಕಿಲೋದ ಹತ್ತಿರ ಇದ್ದವು, ಎಂದರೆ ಒಂಬತ್ತು ವಾರದ ಸುಮಾರು. ಕಪ್ಪು ಗಂಡು, ಮಚ್ಚೆಯದು ಹೆಣ್ಣು.

ಮರಿಗೆ ಮರಿಯೇ ಮೇಷ್ಟ್ರು

ನಾನು ಹಳೆಯ ಮರಿಯ ಕಥೆ ಹೇಳಿದೆ. ಅವರು ವಿವರಿಸಿದ್ದರ ಸಾರಾಂಶ ಹೀಗೆ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದ ತನಕ ಬೆಕ್ಕಿನ ಮರಿ ಲೋಕವನ್ನು ಅರಿಯುವ ಕಾಲ. ಮನುಷ್ಯರ ಕೈ ತಾಗಿ ಸಾಧುವಾಗುವುದೂ ಈ ವಾರಗಳಲ್ಲಿಯೇ. ಆ ಮೇಲಿನ ವಾರಗಳಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತವೆ. ನಮಗೆ ಅದು ಜಗಳವಾಗಿ ಕಾಣುತ್ತದೆ. ನಿಜವಾಗಿ ಅದು ಪಾಠ. ಜೋರಾಗಿ ಕಚ್ಚಿದರೆ ಇನ್ನೊಂದು ಕೂಗಿ ಆಟ ಬಿಟ್ಟು ಹೋಗುತ್ತದೆ, ಇಲ್ಲವೇ ತಿರುಗಿ ಕಚ್ಚುತ್ತದೆ. ಹಲ್ಲನ್ನು ಎಷ್ಟು ಊರಬೇಕು, ಉಗುರನ್ನು ಯಾವಾಗ ಒಳಗೆಳೆದುಕೊಳ್ಳಬೇಕು ಎಂಬುದನ್ನು ಹೀಗೆಯೇ ಕಲಿಯುವುದು. ಐದು ವಾರಕ್ಕೆ ಕಿತ್ತು ತಂದು ಒಂಟಿಯಾಗಿ ಬೀಗ ಹಾಕಿಟ್ಟ ಮರಿಗೆ ಈ ಪಾಠ ಹೇಳುವವರಾರು? ಅದಕ್ಕೆ ಸಿಕ್ಕುವುದು ಮನೆಯವರ ಕೈಕಾಲುಗಳೇ. ತಾಯಿಯಿಂದ ಬಿಡಿಸಲು ಎಂಟು ವಾರವಾದರೂ ತುಂಬಿರಬೇಕು. ಹನ್ನೆರಡಾದರೆ ಇನ್ನೂ ಉತ್ತಮ.

ಅಳಿಯ ಓದಿಕೊಂಡವನು. "ಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿಯಲ್ಲವೇ? ಅದಕ್ಕೆ ಜೊತೆ ಏಕೆ?" ಎಂದು ಕೇಳಿದ. ಬೇಟೆಗೆ ಅದು ಒಂಟಿಯೇ, ಸಂಶಯವಿಲ್ಲ. ಆದರೆ ಹುಟ್ಟುವಾಗ ಒಂಟಿಯಾಗಿ ಹುಟ್ಟುವುದು ಕಡಮೆ. ಹೊಟ್ಟೆಗೆ ಯಥೇಷ್ಟವಾಗಿ ಸಿಕ್ಕುವ ಕಡೆ ತಾಯಿ, ಮಗಳು, ಅಕ್ಕತಂಗಿ ಬೆಕ್ಕುಗಳು ಒಂದೇ ಕಡೆ ಇದ್ದು ಒಂದರ ಮರಿಗೆ ಇನ್ನೊಂದು ಹಾಲೂಡಿಸುವುದೂ ಉಂಟು. ನಮ್ಮ ಉಗ್ರಾಣದಲ್ಲೇ ನಾನು ಕಂಡಿದ್ದೇನೆ. ಬೆಳೆದ ಬೆಕ್ಕು ಒಂಟಿಯಾಗಿ ಸುಖವಾಗಿರಬಲ್ಲದು, ಮರಿಯ ವಿಚಾರ ಬೇರೆ.

ಹಾಗೆಂದು ಇದು ತಪ್ಪದ ಸೂತ್ರವೇನಲ್ಲ. ಒಂಟಿಯಾಗಿ ಬೆಳೆದು ಸಾಧುವಾದ ಬೆಕ್ಕುಗಳು ಬೇಕಾದಷ್ಟಿವೆ. ಮನೆಯಲ್ಲಿ ದಿನವಿಡೀ ಯಾರಾದರೂ ಇದ್ದು, ಕೈಯನ್ನು ಆಟಿಕೆ ಮಾಡದೆ ದಾರವೋ ಗರಿಯೋ ಹಿಡಿದು ದಿನಕ್ಕೆ ಮೂರು ನಾಲ್ಕು ಬಾರಿ ಆಡಿಸುವುದಾದರೆ ಒಂದೇ ಮರಿ ಸಾಕು. (ಆಟ ಮುಗಿದ ಮೇಲೆ ದಾರವನ್ನು ಎತ್ತಿಡಬೇಕು, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.) ಮನೆಯಲ್ಲಿ ಈಗಾಗಲೇ ತಾಳ್ಮೆಯ ಎಳೆಯ ಬೆಕ್ಕೊಂದಿದ್ದರೂ ಒಂದೇ ಸಾಕು. ವಯಸ್ಸಾದ ದಂಪತಿಗಳಿಗೆ ಮರಿಗಿಂತ ಬೆಳೆದ ಒಂದು ಬೆಕ್ಕೇ ಮೇಲು. ಅದು ಪರದೆ ಹತ್ತುವುದಿಲ್ಲ, ರಾತ್ರಿ ಹೊಟ್ಟೆಯ ಮೇಲೆ ಕುಣಿಯುವುದೂ ಇಲ್ಲ.

ಜೋಡಿಯ ಖರ್ಚುವೆಚ್ಚ

ಜಮೆ ಹೇಳಿ ಖರ್ಚು ಮರೆಮಾಚುವುದು ಕಾರ್ಯದರ್ಶಿಗೆ ತಕ್ಕದ್ದಲ್ಲ. ಎರಡು ಮರಿಯೆಂದರೆ ಎಲ್ಲವೂ ಎರಡರಷ್ಟು: ಆಹಾರ, ಲಸಿಕೆ, ಶಸ್ತ್ರಚಿಕಿತ್ಸೆ. ಎಂಟು ವಾರದಿಂದ ಮೊದಲಾಗಿ ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರದ ತನಕ ಮುಖ್ಯ ರೋಗಗಳ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಪ್ಯಾನ್‌ಲ್ಯೂಕೋಪೀನಿಯ ಎಂಬ ವಾಂತಿಭೇದಿಯ ರೋಗ ಒಂದಕ್ಕೆ ತಗುಲಿದರೆ ಇನ್ನೊಂದಕ್ಕೂ ತಗುಲುವುದು ಸಹಜ. ಮರಿಗಳು ಬದುಕುವುದು ಕಷ್ಟ. ಮಲಮೂತ್ರಕ್ಕೆ ಮರಳಿನ ತಟ್ಟೆಗಳು ಬೆಕ್ಕಿನ ಸಂಖ್ಯೆಗಿಂತ ಒಂದು ಹೆಚ್ಚಿರಬೇಕಂತೆ, ಎಂದರೆ ಎರಡಕ್ಕೆ ಮೂರು. ಮರಳಿನ ಬದಲು ನಮ್ಮ ಕಾಫಿ ಹೊಟ್ಟನ್ನು ಹಾಕಿದರಾಗದೇ ಎಂದು ತೋಟಗಾರನ ಬುದ್ಧಿಗೆ ಹೊಳೆಯಿತು. ಕೂಡದು: ಕಾಫಿಯಲ್ಲಿರುವ ಕೆಫೀನ್ ಬೆಕ್ಕಿಗೆ ವಿಷ. ಕೋಕೋ ಸಿಪ್ಪೆಯೂ ಹಾಗೆಯೇ.

ಎಲ್ಲಕ್ಕಿಂತ ದೊಡ್ಡದು ಸಂತಾನದ ವಿಚಾರ. ಅಣ್ಣತಂಗಿಯೆಂಬ ಸಂಬಂಧ ಬೆಕ್ಕಿಗಿಲ್ಲ. ಹೆಣ್ಣು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಒಂಬತ್ತು ವಾರಕ್ಕೆ ಈಯುತ್ತದೆ, ಸಾಮಾನ್ಯವಾಗಿ ಮೂರರಿಂದ ಐದು ಮರಿ. ವರ್ಷಕ್ಕೆ ಎರಡು ಮೂರು ಸಲ. ನಮ್ಮ ಸಂಘದ ಷೇರು ಬಂಡವಾಳ ಈ ವೇಗದಲ್ಲಿ ಬೆಳೆದಿದ್ದರೆ ನನಗೆ ಮಹಾಸಭೆಯ ಭಯವೇ ಇರುತ್ತಿರಲಿಲ್ಲ. ಆದ್ದರಿಂದ ಐದು ತಿಂಗಳು ತುಂಬುವುದರೊಳಗೆ ಎರಡಕ್ಕೂ ಸಂತಾನಹರಣ ಚಿಕಿತ್ಸೆ ಮಾಡಿಸುವ ಸಂಕಲ್ಪವಿಲ್ಲದವರು ಜೋಡಿಯ ಮಾತೆತ್ತಬಾರದು.

ಒಟ್ಟಿಗೆ ಬೆಳೆದ ಜೋಡಿ ದೊಡ್ಡದಾದ ಮೇಲೆ ಮುನಿಸಿಕೊಂಡು ಬೇರೆ ಬೇರೆ ಮೂಲೆ ಹಿಡಿಯುವುದೂ ಇದೆ. ಮರಿಗಳು ತಮ್ಮಲ್ಲೇ ಮುಳುಗಿ ಮನುಷ್ಯರನ್ನು ದೂರ ಇಡದಂತೆ, ದಿನವೂ ಒಂದೊಂದನ್ನು ಬೇರೆಯಾಗಿ ಎತ್ತಿ ಆಡಿಸಬೇಕು.

ತೀರ್ಮಾನ

ಅಂದು ಸಂಜೆ ಕೆಳಮನೆಯ ಯಜಮಾನರ ಬಳಿ ನಾನೇ ಹೋದೆ. ಹಿರಿಯರು, ಬಿಸಿ ಕಾಫಿ ಕೊಟ್ಟು ಎಲ್ಲವನ್ನೂ ಕೇಳಿದರು. "ಒಂದೋ ಎರಡೋ ನನಗೆ ಭೇದವಿಲ್ಲ. ಎರಡು ಆರಾಗಬಾರದು, ಮೆಟ್ಟಿಲಲ್ಲಿ ವಾಸನೆ ಬರಬಾರದು" ಎಂದರು. ನ್ಯಾಯವಾದ ಷರತ್ತು. ಅಳಿಯ ಒಂದು ಗಂಟೆ ಕುಳಿತು ಖರ್ಚಿನ ಪಟ್ಟಿ ಬರೆದ. ಕೊನೆಗೆ ಅವನು ಕೇಳಿದ ಪ್ರಶ್ನೆ ಒಂದೇ: "ಒಂದನ್ನು ತಂದರೆ ಇನ್ನೊಂದು ಎಲ್ಲಿಗೆ ಹೋಗುತ್ತದೆ?" ಯಾರೂ ಉತ್ತರಿಸಲಿಲ್ಲ. ಮೊಮ್ಮಗಳು ನನ್ನ ಮುಖ ನೋಡಿದಳು. ಆ ರಾತ್ರಿ ಹಳೆಯ ಮರಿಯ ನಿಜ ಸಂಗತಿಯನ್ನು ಅವಳಿಗೆ ಹೇಳಿದೆ. ಬಹಳ ಹೊತ್ತು ಅತ್ತಳು. ಆಮೇಲೆ, "ಹಾಗಾದರೆ ಇವನ್ನು ಬೇರೆ ಮಾಡುವುದು ಬೇಡ ಅಜ್ಜಯ್ಯ" ಎಂದಳು.

ಎರಡನ್ನೂ ಇಟ್ಟುಕೊಂಡರು. ಎರಡನೆಯ ಮಹಡಿಯಾದ್ದರಿಂದ ಬಾಲ್ಕನಿಗೆ ಬಲೆ ಹಾಕಿಸಿದರು. ಜೂನಿನಲ್ಲಿ ಎರಡಕ್ಕೂ ಶಸ್ತ್ರಚಿಕಿತ್ಸೆ ಆಯಿತು. ದೀಪಾವಳಿಗೆ ನಾನು ಹೋದಾಗ ನನ್ನ ಪಂಚೆಯ ಅಂಚನ್ನು ಹಿಡಿದೆಳೆದವು, ಕಾಲನ್ನು ಮಾತ್ರ ಮುಟ್ಟಲಿಲ್ಲ. ಹಗಲೆಲ್ಲ ಒಂದರ ಮೇಲೊಂದು ಬಿದ್ದು ನಿದ್ದೆ.

ಸದಸ್ಯರಲ್ಲಿ ವಿನಂತಿ

ನಗರದ ಮಕ್ಕಳು ಮರಿ ಕೇಳಿದರೆ ಒಡನೆ ಬುಟ್ಟಿ ಹುಡುಕಬೇಡಿ. ತಕ್ಕಡಿ ನಮ್ಮೆಲ್ಲರ ಮನೆಯಲ್ಲಿದೆ. ಒಂದು ಕಿಲೋ ತೂಗುವ ತನಕ ಕಾಯಿರಿ. ಅಷ್ಟರಲ್ಲಿ ದಿನವೂ ಎತ್ತಿ ಮುದ್ದಿಸಿ ಕೈಗೆ ಒಗ್ಗಿಸಿರಿ. ಹಗಲು ಬೀಗ ಹಾಕುವ ಮನೆಯಾದರೆ ಒಡಹುಟ್ಟಿದ ಎರಡನ್ನು ಕೊಡಿ. ಎರಡಕ್ಕೆ ಅನುಕೂಲವಿಲ್ಲವೆಂದರೆ ಬೆಳೆದ ಬೆಕ್ಕನ್ನು ಸಾಕಲು ಹೇಳಿ. ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಅವರು ಸ್ಥಾಪಿಸಿದ ಕ್ಯೂಪಾದಂತಹ ಸಂಸ್ಥೆಗಳು ದಿಕ್ಕಿಲ್ಲದ ಪ್ರಾಣಿಗಳಿಗೆ ಮನೆ ಹುಡುಕುತ್ತವೆ.

ಹಾಲು-ಅನ್ನವೇ ಬೆಕ್ಕಿಗೆ ಊಟವೆಂಬ ನಂಬಿಕೆಯನ್ನೂ ಬಿಡೋಣ. ದೊಡ್ಡ ಬೆಕ್ಕುಗಳಲ್ಲಿ ಬಹುಪಾಲಿಗೆ ಹಸುವಿನ ಹಾಲು ಸರಿಯಾಗಿ ಅರಗುವುದಿಲ್ಲ. ಹಾಲು ಕಂಡು ಓಡಿದ ತೆನಾಲಿ ರಾಮಕೃಷ್ಣನ ಬೆಕ್ಕು ನಾವು ತಿಳಿದಷ್ಟು ಪೆದ್ದಲ್ಲ! ಮಾಂಸದಲ್ಲಿರುವ ಟಾರಿನ್ ಎಂಬ ಸತ್ವ ಸಾಲದಿದ್ದರೆ ಬೆಕ್ಕಿನ ಹೃದಯ ದುರ್ಬಲವಾಗುತ್ತದೆಂದು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಸಸ್ಯಾಹಾರಿ ಮನೆಯವರು ಅಂಗಡಿಯ ಬೆಕ್ಕಿನ ಆಹಾರ ಕೊಡುವುದು ಕ್ಷೇಮ. ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದೂ ಕೊಡಬೇಡಿ, ಅದು ಪ್ರಾಣಾಪಾಯ. ಉಗ್ರಾಣದಲ್ಲಿ ಇಲಿಪಾಷಾಣ ಇಟ್ಟು, ಅದನ್ನು ತಿಂದ ಇಲಿಯನ್ನು ಬೆಕ್ಕು ಹಿಡಿದರೆ ವಿಷ ಬೆಕ್ಕಿಗೂ ಹತ್ತುತ್ತದೆ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಡಾಕ್ಟರನ್ನು ಕಾಣಿರಿ.

ಕಡೆಯದಾಗಿ, ಹೆಚ್ಚಾದ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಸಂತೆಯ ಬಯಲಿಗೆ ಬಿಟ್ಟು ಬರುವ ಪದ್ಧತಿ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಯ ಮಾತಿರಲಿ, ಉಗ್ರಾಣದ ತಾಯಿಬೆಕ್ಕಿಗೆ ಒಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಆ ಚೀಲವೇ ಬೇಕಾಗುವುದಿಲ್ಲ. ನಮ್ಮ ಉಗ್ರಾಣದ ಬೆಕ್ಕಿಗೆ ನಾನು ಮಾಡಿಸಿದ್ದೇನೆ. ಇಲಿ ಹಿಡಿಯುವುದನ್ನು ಅದು ಬಿಟ್ಟಿಲ್ಲ.