ಒಂದು ಉಪಕರಣದ ಯೋಗಕ್ಷೇಮ

ಮನೆಗೆ ಹೊಸ ವಸ್ತುವೊಂದು ಬಂದ ದಿನ ನೆರೆಹೊರೆಯವರೆಲ್ಲರೂ ನೋಡಲು ಬರುವರು. ಅದೇ ವಸ್ತುವನ್ನು ಇಪ್ಪತ್ತು ವರ್ಷ ಕೆಡದಂತೆ ಬಳಸಿದ ಗೃಹಿಣಿಯನ್ನು ನೋಡಿ ಹೊಗಳಲು ಯಾರೂ ಬರುವುದಿಲ್ಲ. ಲೋಕದ ರೀತಿಯೇ ಹೀಗೆ. 'ಯೋಗಕ್ಷೇಮ'ವೆಂಬ ಮಾತನ್ನು ನಾವು ಕಾಗದ ಬರೆಯುವಾಗಲೆಲ್ಲ ಉಪಯೋಗಿಸುತ್ತೇವೆ. ಆದರೆ ಅದರಲ್ಲಿ ಎರಡು ಬೇರೆ ಬೇರೆ ಅರ್ಥಗಳು ಕೂಡಿರುವುದನ್ನು ನೆನೆಯುವವರು ಕಡಮೆ. ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕೆಡದಂತೆ ಕಾಯುವುದು ಕ್ಷೇಮ. ಮೊದಲನೆಯದಕ್ಕೆ ಕೀರ್ತಿಯುಂಟು, ಎರಡನೆಯದಕ್ಕೆ ದುಡಿಮೆ ಮಾತ್ರವುಂಟು. ಈ ಎರಡನೆಯದರ ಹಿರಿಮೆಯನ್ನು ಚೆನ್ನಾಗಿ ತೋರಿಸತಕ್ಕ, ಇಂಗ್ಲೆಂಡು ದೇಶದ ಒಂದು ಸಣ್ಣ ಉಪಕರಣದ ವೃತ್ತಾಂತವನ್ನು ಈ ಸಲ ವಾಚಕರ ಮುಂದಿಡುವೆವು.

ಬಿ.ಬಿ.ಸಿ. ಎಂಬ ಹೆಸರನ್ನು ಕೇಳದವರಿಲ್ಲ. ಆ ಪ್ರಸಾರ ಸಂಸ್ಥೆಯು ೧೯೨೨ರಲ್ಲಿ ಒಂದು ಕಂಪೆನಿಯಾಗಿ ಹುಟ್ಟಿ, ೧೯೨೭ನೆಯ ಜನವರಿ ೧ರಂದು ಈಗಿನ ಕಾರ್ಪೊರೇಷನ್ನಿನ ರೂಪವನ್ನು ತಾಳಿತು. ೧೯೩೬ನೆಯ ನವೆಂಬರಿನಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಅರಮನೆಯಿಂದ ಅದರ ಟೆಲಿವಿಷನ್ನು ಮೊದಲಾಯಿತು. ಅಲ್ಲಿಂದ ಬಹುಕಾಲದವರೆಗೆ ಕೇಳುವವರ ಮತ್ತು ನೋಡುವವರ ಸ್ಥಿತಿ ಒಂದೇ ತೆರನಾಗಿತ್ತು: ಗೊತ್ತಾದ ಹೊತ್ತಿಗೆ ಪೆಟ್ಟಿಗೆಯ ಮುಂದೆ ಕುಳಿತವನಿಗೆ ಕಾರ್ಯಕ್ರಮವುಂಟು, ಒಲೆಯ ಮುಂದೆಯೋ ಕಛೇರಿಯಲ್ಲಿಯೋ ಇದ್ದವನಿಗೆ ಇಲ್ಲ. ಈ ಕೊರತೆಯನ್ನು ನೀಗಲೆಂದು ಆ ಸಂಸ್ಥೆಯವರು ೨೦೦೭ನೆಯ ಡಿಸೆಂಬರ್ ೨೫ರಂದು 'ಐಪ್ಲೇಯರ್' ಎಂಬ ಇಂಟರ್‌ನೆಟ್ ಸೌಕರ್ಯವನ್ನು ತೆರೆದರು. ಪ್ರಸಾರವಾದ ಕಾರ್ಯಕ್ರಮವು ಅಲ್ಲಿ ಏಳು ದಿನ ದೊರೆಯುತ್ತಿತ್ತು. ೨೦೧೪ರಲ್ಲಿ ಆ ಅವಧಿ ಮೂವತ್ತು ದಿನವಾಯಿತು. ೨೦೧೯ರ ಮೇಲೆ ಬಹುಪಾಲು ಕಾರ್ಯಕ್ರಮಗಳಿಗೆ ಒಂದು ವರ್ಷದ ಆಯುಸ್ಸು ದೊರೆಯಿತು.

ಆದರೆ ಈ ಸೌಕರ್ಯದಲ್ಲಿ ಮೊದಲಿಗೇ ಒಂದು ತೊಡಕಿತ್ತು. ಕಾರ್ಯಕ್ರಮವನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳುವ, ಎಂದರೆ ಡೌನ್‌ಲೋಡ್ ಮಾಡಿಕೊಳ್ಳುವ ಏರ್ಪಾಡು ಆರಂಭದಲ್ಲಿ ವಿಂಡೋಸ್ ಕಂಪ್ಯೂಟರುಗಳಿಗೆ ಮಾತ್ರವಿತ್ತು. ಹಾಗೆ ಇಳಿಸಿದ ಫೈಲಿಗೂ ಒಂದು ಬೀಗವಿದ್ದು, ಅವಧಿ ತೀರಿದೊಡನೆ ಅದು ತೆರೆಯದಂತಾಗುತ್ತಿತ್ತು. ಬೇರೆ ತರದ ಕಂಪ್ಯೂಟರುಗಳನ್ನು ಇಟ್ಟುಕೊಂಡವರು, ನಾವೂ ಹಣ ತೆತ್ತವರಲ್ಲವೆ ಎಂದು ದೂರಿದರು. ಹೀಗಿರುವಲ್ಲಿ ೨೦೦೮ನೆಯ ಮಾರ್ಚಿಯಲ್ಲಿ ಬಿ.ಬಿ.ಸಿ.ಯವರು ಐಫೋನ್ ಉಳ್ಳವರಿಗಾಗಿ ಬೇರೊಂದು ದಾರಿಯನ್ನು ತೆರೆದರು. ಅಲ್ಲಿ ಕಳುಹಿಸುವ ಫೈಲುಗಳಿಗೆ ಬೀಗವಿರಲಿಲ್ಲ. ಕೆಲವೇ ದಿನಗಳಲ್ಲಿ ಜಾಣರು ಇದನ್ನು ಕಂಡುಹಿಡಿದರು. ಮನೆಯ ಕಂಪ್ಯೂಟರು 'ನಾನು ಐಫೋನು' ಎಂದು ಹೇಳಿಕೊಂಡು ಬಾಗಿಲು ತಟ್ಟಿದರೆ, ಆ ಕಡೆಯವರು ನಂಬಿ ಫೈಲನ್ನು ಕೊಟ್ಟುಬಿಡುತ್ತಿದ್ದರು! ಬಿ.ಬಿ.ಸಿ.ಯವರು ಆ ಬಾಗಿಲನ್ನು ಮುಚ್ಚಿದರು. ಇವರು ಬೇರೊಂದು ಸಂದನ್ನು ಹುಡುಕಿದರು. ಈ ಹುಡುಕಾಟದ ನಡುವೆ, ಅದೇ ವರ್ಷ, ಒಬ್ಬ ತಂತ್ರಜ್ಞನ ಕೈಯಿಂದ 'ಗೆಟ್ ಐಪ್ಲೇಯರ್' ಎಂಬ ತಂತ್ರಾಂಶ ಹೊರಬಂದಿತು. ನಾವು ಹೇಳಹೊರಟ ಉಪಕರಣವು ಇದೇ.

ಇದರ ಕೆಲಸದ ಬಗೆಯನ್ನು ಸ್ಥೂಲವಾಗಿ ತಿಳಿಸುವೆವು. ಬಿ.ಬಿ.ಸಿ.ಯ ಪ್ರತಿಯೊಂದು ಕಾರ್ಯಕ್ರಮಕ್ಕೂ ಅಕ್ಷರಗಳೂ ಅಂಕಿಗಳೂ ಕಲೆತ ಒಂದು ಸಣ್ಣ ಗುರುತುಂಟು. ಅಂಚೆಯವನಿಗೆ ಮನೆಯ ನಂಬರು ಇದ್ದಂತೆ. ಉಪಕರಣವು ಆ ಗುರುತನ್ನು ಹಿಡಿದು ಕಾರ್ಯಕ್ರಮದ ಪಟ್ಟಿಯನ್ನು ಕೇಳುತ್ತದೆ. ಈಗಿನ ಪ್ರಸಾರದಲ್ಲಿ ಒಂದು ನಾಟಕವು ಇಡಿಯಾಗಿ ಬರುವುದಿಲ್ಲ. ಕೆಲವು ಸೆಕೆಂಡುಗಳಷ್ಟು ಉದ್ದದ ನೂರಾರು ತುಣುಕುಗಳಾಗಿ ಬರುತ್ತದೆ. ಯಾವ ತುಣುಕಿನ ಮೇಲೆ ಯಾವುದೆಂಬುದು ಆ ಪಟ್ಟಿಯಲ್ಲಿರುವುದು. ಉಪಕರಣವು ತುಣುಕುಗಳನ್ನು ವರಸೆಯಾಗಿ ತಂದು, 'ಎಫ್ಎಫ್‌ಎಂಪೆಗ್' ಎಂಬ ಮತ್ತೊಂದು ತಂತ್ರಾಂಶದ ಕೈಗೆ ಕೊಡುವುದು. ಅದು ಚಿತ್ರವನ್ನೂ ಧ್ವನಿಯನ್ನೂ ಹೊಲಿದು ಒಂದೇ ಫೈಲನ್ನಾಗಿ ಮಾಡುವುದು. ಯಾವ ಯಾವ ಕಾರ್ಯಕ್ರಮ ಬೇಕೆಂದು ಒಮ್ಮೆ ಬರೆದಿಟ್ಟರೆ, ಹೊಸ ಕಂತು ಬಂದಾಗಲೆಲ್ಲ ಅದನ್ನು ತಾನೇ ಇಳಿಸುವಂತೆ ಏರ್ಪಾಡು ಮಾಡಬಹುದು. ಒಮ್ಮೆ ತಂದುದರ ಲೆಕ್ಕವನ್ನು ಇಟ್ಟುಕೊಂಡಿರುವುದರಿಂದ ಮತ್ತೆ ಅದನ್ನೇ ತರುವುದಿಲ್ಲ. ಇವೆಲ್ಲವೂ 'ಪರ್ಲ್' ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯಲ್ಪಟ್ಟಿವೆ. ಅದು ೧೯೮೭ರಲ್ಲಿ ಹುಟ್ಟಿದ ಭಾಷೆ. ಈಗಿನ ತರುಣರಿಗೆ ಅದರ ಮೇಲೆ ಅಷ್ಟಾಗಿ ಆಸೆಯಿಲ್ಲ.

ಯೋಗದ ಕಥೆ ಇಲ್ಲಿಗೆ ಮುಗಿಯಿತು. ಇನ್ನು ಕ್ಷೇಮದ ಕಥೆ.

೨೦೧೦ನೆಯ ಫೆಬ್ರವರಿಯಲ್ಲಿ ಬಿ.ಬಿ.ಸಿ.ಯವರು ತಮ್ಮ ಪ್ರಸಾರಕ್ಕೆ ಹೊಸದೊಂದು ಪರೀಕ್ಷೆಯನ್ನು ಸೇರಿಸಿದರು. ತಮ್ಮದೇ ಆದ ಫ್ಲ್ಯಾಶ್ ಯಂತ್ರವು ಕೇಳಿದರೆ ಮಾತ್ರ ಕೊಡುವುದು, ಮಿಕ್ಕವರಿಗೆ ಇಲ್ಲವೆಂಬುದು ಅದರ ಅರ್ಥ. ಉಪಕರಣವನ್ನು ರಚಿಸಿದಾತನು ಇದರಿಂದ ಬೇಸತ್ತು, ಪ್ರತಿಭಟನೆಯ ಮಾತನ್ನಾಡಿ ಕೆಲಸವನ್ನು ಬಿಟ್ಟನು. ಕರ್ತೃವೇ ಕೈಬಿಟ್ಟ ಮೇಲೆ ಕೃತಿಗೆ ಗತಿಯೆಲ್ಲಿ? ಆದರೆ ಆತನು ಆದಿಯಲ್ಲಿಯೇ ಒಂದು ದೊಡ್ಡ ಮನಸ್ಸು ಮಾಡಿದ್ದನು. ತನ್ನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಕೊಡಬಹುದು, ಆದರೆ ಕೊಡುವಾಗ ಈ ಸ್ವಾತಂತ್ರ್ಯವನ್ನೂ ಕೂಡಿಯೇ ಕೊಡಬೇಕು ಎಂಬ ಸಾರ್ವಜನಿಕ ಲೈಸೆನ್ಸಿನ ಕೆಳಗೆ ಅದನ್ನು ಪ್ರಕಟಿಸಿದ್ದನು. ಆದಕಾರಣ ಬಳಸುವವರಲ್ಲಿಯೇ ಬಲ್ಲವರಾದ ಕೆಲವರು ಮುಂದೆ ಬಂದು ಆ ಭಾರವನ್ನು ಹೊತ್ತರು. ಸಂಬಳವಿಲ್ಲ, ಬಿರುದಿಲ್ಲ.

ಆಮೇಲೂ ವಿಘ್ನಗಳು ತಪ್ಪಲಿಲ್ಲ. ೨೦೧೪ನೆಯ ಅಕ್ಟೋಬರಿನಲ್ಲಿ, ಕಾರ್ಯಕ್ರಮಗಳ ಹೆಸರುಗಳನ್ನು ಕಂಪ್ಯೂಟರುಗಳಿಗೆ ತಿಳಿಯುವಂತೆ ಒದಗಿಸುತ್ತಿದ್ದ ಪಟ್ಟಿಗಳನ್ನು ಬಿ.ಬಿ.ಸಿ.ಯವರು ನಿಲ್ಲಿಸಿದರು. ಉಪಕರಣದ ಕಣ್ಣೇ ಹೋದಂತಾಯಿತು. ಗುರುತನ್ನು ಕೈಯಾರೆ ಹೇಳಿದರೆ ತರುತ್ತಿತ್ತು, ಹುಡುಕು ಎಂದರೆ ಹುಡುಕಲಾರದಾಯಿತು. ಕಾಯುವವರು ಯೋಚಿಸಿ, ಪ್ರತಿ ವಾಹಿನಿಯ ದಿನದಿನದ ವೇಳಾಪಟ್ಟಿಯನ್ನು ಓದಿ ಹೆಸರುಗಳನ್ನು ಕಲೆಹಾಕುವ ಹಾದಿಯನ್ನು ಹಿಡಿದರು. ಈ ಕಾರಣದಿಂದಲೇ ಅದರ ಹುಡುಕಾಟವು ಹಿಂದಿನ ಮೂವತ್ತು ದಿನಗಳ ಪ್ರಸಾರಕ್ಕೆ ಸೀಮಿತವಾಯಿತು. ಅದಕ್ಕಿಂತ ಹಳೆಯದು ಬೇಕಾದರೆ ಗುರುತನ್ನೇ ಕೊಡಬೇಕು. ಮುಂದೆ ಫ್ಲ್ಯಾಶ್ ಎಂಬುದೇ ೨೦೨೦ನೆಯ ಡಿಸೆಂಬರ್ ಕೊನೆಗೆ ಲೋಕದಿಂದ ನಿವೃತ್ತವಾಯಿತು. ಯಾವುದನ್ನು ದಾಟಲು ಹಿಂದಿನವರು ಅಷ್ಟು ಹೆಣಗಿದ್ದರೋ ಆ ಗೋಡೆಯೇ ಬಿದ್ದುಹೋಯಿತು. ಆದರೆ ಅಷ್ಟರೊಳಗೆ ಪ್ರಸಾರದ ಬಗೆಯೇ ಬದಲಾಗಿ, ತುಣುಕುಗಳನ್ನು ಕೂಡಿಸುವ ಹೊಸ ವಿದ್ಯೆಯನ್ನು ಉಪಕರಣಕ್ಕೆ ಕಲಿಸಬೇಕಾಗಿತ್ತು. ತುಕ್ಕು ಹಿಡಿದು ಕೆಟ್ಟ ಯಂತ್ರವಲ್ಲವಿದು. ತಾನು ಇದ್ದಂತೆಯೇ ಇದ್ದು, ಸುತ್ತಣ ಲೋಕವು ಸರಿದುದರಿಂದ ಕೆಟ್ಟದ್ದು.

ರಿಪೇರಿಯ ದಿನ ಹೇಗಿರುವುದೆಂಬುದು ಮನೆವಾರ್ತೆಯ ಜನರಿಗೆ ಸುಲಭವಾಗಿ ತಿಳಿದೀತು. ಒಂದು ಬೆಳಗ್ಗೆ ಎದ್ದು ನೋಡಿದರೆ ರಾತ್ರಿಯ ರೇಡಿಯೋ ನಾಟಕ ಇಳಿದಿಲ್ಲ. 'ಕೆಲಸ ಮಾಡುತ್ತಿಲ್ಲ' ಎಂದು ಕೂಗುವವರು ಹಲವರು. ಆ ಕೂಗಿನಿಂದ ಪ್ರಯೋಜನವಿಲ್ಲ. ವೈದ್ಯನ ಬಳಿಗೆ ಹೋಗಿ 'ಮೈ ಸರಿಯಿಲ್ಲ' ಎಂದಷ್ಟೇ ಹೇಳಿದರೆ ಆತನೇನು ಮಾಡಿಯಾನು? ಯಾವ ಕಾರ್ಯಕ್ರಮ, ಉಪಕರಣದ ಎಷ್ಟನೆಯ ಆವೃತ್ತಿ, ಯಾವ ಜಾತಿಯ ಕಂಪ್ಯೂಟರು, ಪರದೆಯ ಮೇಲೆ ಬಂದ ಮಾತುಗಳು ಯಾವುವು ಎಂಬುದನ್ನು ಇದ್ದಕ್ಕಿದ್ದಂತೆ ಬರೆದು ತಿಳಿಸುವವನೊಬ್ಬನು ಬೇಕು. ಆ ವರದಿಯಿಂದ ಕಾಯುವವನು ದೋಷದ ಮೂಲವನ್ನು ಹುಡುಕುವನು: ಬಿ.ಬಿ.ಸಿ.ಯ ಪುಟದಲ್ಲಿ ಒಂದು ಹೆಸರು ಬದಲಾಗಿರಬಹುದು. ಒಂದು ವಿಳಾಸ ಸರಿದಿರಬಹುದು. ಹಲವು ವೇಳೆ ಉಪಕರಣದಲ್ಲಿ ದೋಷವೇ ಇರುವುದಿಲ್ಲ; ಕೇಳಿದವನು ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡಿರುವನು. ತಿದ್ದುಪಡಿ ಒಂದೇ ಸಾಲಿನದಾದರೂ ಅದನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಪರೀಕ್ಷಿಸಿ ಹೊಸ ಆವೃತ್ತಿಯನ್ನು ಹೊರಡಿಸಬೇಕು. ಬಳಕೆಯ ವಿವರಣೆಯನ್ನೂ ತಿದ್ದಬೇಕು. ಇಷ್ಟಾದ ಮೇಲೆ ಮರುದಿನ ಎಲ್ಲರ ಮನೆಯಲ್ಲಿಯೂ ನಾಟಕ ಇಳಿಯುವುದು. ನಡುವೆ ಏನು ನಡೆಯಿತೆಂಬುದು ಬಹುಮಂದಿಗೆ ತಿಳಿಯಲೇ ತಿಳಿಯದು.

'ಕೇಳಿ ಮರೆಯುವ ಕಾರ್ಯಕ್ರಮಕ್ಕಾಗಿ ಇಷ್ಟು ಶ್ರಮವೇಕೆ?' ಎಂದು ವಾಚಕರು ಕೇಳಬಹುದು. ಉತ್ತರವು ಬಿ.ಬಿ.ಸಿ.ಯ ಚರಿತ್ರೆಯಲ್ಲಿಯೇ ಉಂಟು. ೧೯೬೩ನೆಯ ನವೆಂಬರಿನಲ್ಲಿ 'ಡಾಕ್ಟರ್ ಹೂ' ಎಂಬ ಟೆಲಿವಿಷನ್ ಕಥಾಮಾಲೆ ಅಲ್ಲಿ ಪ್ರಾರಂಭವಾಯಿತು. ಆಗ ವಿಡಿಯೋ ಟೇಪು ಬೆಲೆಬಾಳುವ ವಸ್ತು; ಒಮ್ಮೆ ತೋರಿಸಿದುದನ್ನು ಅಳಿಸಿ ಅದೇ ಟೇಪಿನ ಮೇಲೆ ಬೇರೆಯದನ್ನು ತುಂಬುವುದು ವಾಡಿಕೆ. ಹೀಗೆ ಆ ಮಾಲೆಯ ಹತ್ತಾರು ಕಂತುಗಳು ಸಂಸ್ಥೆಯ ಭಂಡಾರದಿಂದಲೇ ಇಲ್ಲವಾದುವು. ೨೦೧೩ರಲ್ಲಿ ಒಂಬತ್ತು ಕಂತುಗಳು ನೈಜೀರಿಯಾ ದೇಶದ ಜೋಸ್ ಪಟ್ಟಣದಲ್ಲಿ ಸಿಕ್ಕಿದುದು ದೊಡ್ಡ ಸುದ್ದಿಯಾಯಿತು. ಆದರೆ ಇದಕ್ಕಿಂತ ನಮಗೆ ಸೋಜಿಗವಾಗಿ ತೋರುವುದು ಬೇರೊಂದು ಸಂಗತಿ: ಚಿತ್ರ ಹೋದ ಕಂತುಗಳಲ್ಲಿ ಒಂದರ ಧ್ವನಿಯೂ ಹೋಗಲಿಲ್ಲ. ಏತಕ್ಕೆಂದರೆ, ಆ ದಿನಗಳಲ್ಲಿ ಕೆಲವು ಮನೆಗಳಲ್ಲಿ ಅಭಿಮಾನಿಗಳು ಟೇಪ್ ರಿಕಾರ್ಡರನ್ನು ಹಚ್ಚಿ ಧ್ವನಿಯನ್ನು ಹಿಡಿದಿಟ್ಟುಕೊಂಡಿದ್ದರು. ರಾಜಭಂಡಾರವು ಕಳೆದುದನ್ನು ಗೃಹಸ್ಥನ ಕಪಾಟು ಉಳಿಸಿತು.

ಇಂತಹದು ನಮ್ಮಲ್ಲಿಯೂ ನಡೆದುದುಂಟು. ಕೌಟಿಲ್ಯನ ಅರ್ಥಶಾಸ್ತ್ರವು ಹೆಸರು ಮಾತ್ರ ಉಳಿದ ಗ್ರಂಥವೆಂದು ವಿದ್ವಾಂಸರು ಎಣಿಸಿದ್ದ ಕಾಲದಲ್ಲಿ, ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದೊಪ್ಪಿಸಿದರು. ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದರು. ಓಲೆಗೆ ಆಯುಸ್ಸು ಮಿತ. ತಲೆಮಾರುಗಳಿಂದ ಯಾರೋ ಹಳೆಯ ಓಲೆಯನ್ನು ನೋಡಿ ಹೊಸ ಓಲೆಗೆ ಎತ್ತಿ ಬರೆಯುತ್ತ ಬಂದುದರಿಂದಲ್ಲವೆ ಆ ಪ್ರತಿ ಉಳಿದದ್ದು? ಶಾಸ್ತ್ರಿಗಳ ಹೆಸರು ಲೋಕಕ್ಕೆ ತಿಳಿಯಿತು, ತಿಳಿಯಬೇಕಾದದ್ದೇ. ಎತ್ತಿ ಬರೆದವರ ಹೆಸರುಗಳು ಮಾತ್ರ ಯಾರಿಗೂ ತಿಳಿಯವು.

ಇನ್ನೊಂದು ಆಕ್ಷೇಪಣೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಈ ಉಪಕರಣವು ಬಿ.ಬಿ.ಸಿ.ಯವರದಲ್ಲ, ಅವರು ಹರಸಿ ಕಳುಹಿಸಿದುದೂ ಅಲ್ಲ. ಐಫೋನಿನ ವೇಷ ಹಾಕಿದುದು ವೇಷವೇ ಸರಿ. ಹಾಗಾದರೆ ಇದು ಕಳವೋ? ನಮಗೆ ತೋರುವುದನ್ನು ಹೇಳುವೆವು. ಬ್ರಿಟನ್ನಿನಲ್ಲಿ ಟೆಲಿವಿಷನ್ನಿಗೆ ಮನೆಮನೆಯೂ ಲೈಸೆನ್ಸ್ ಹಣವನ್ನು ತೆರುವುದು. ೨೦೨೫ನೆಯ ಏಪ್ರಿಲಿನಲ್ಲಿ ಅದು ವರ್ಷಕ್ಕೆ ೧೭೪ ಪೌಂಡು ೫೦ ಪೆನ್ಸಿಗೆ ಏರಿತು. ೨೦೧೬ನೆಯ ಸೆಪ್ಟೆಂಬರ್ ೧ರಿಂದ ಐಪ್ಲೇಯರಿನ ಟೆಲಿವಿಷನ್ ಕಾರ್ಯಕ್ರಮಗಳಿಗೂ ಆ ಲೈಸೆನ್ಸ್ ಬೇಕಾಯಿತು. ರೇಡಿಯೋವಿಗೆ ಮಾತ್ರ ೧೯೭೧ರಿಂದ ಲೈಸೆನ್ಸಿಲ್ಲ. ಅಲ್ಲಿಯ ೧೯೮೮ರ ಕೃತಿಸ್ವಾಮ್ಯದ ಕಾನೂನು, ಪ್ರಸಾರವನ್ನು ಅನುಕೂಲವಾದ ಮತ್ತೊಂದು ಹೊತ್ತಿನಲ್ಲಿ ನೋಡಲೋ ಕೇಳಲೋ ತನ್ನ ಮನೆಯ ಮಟ್ಟಿಗೆ ಮುದ್ರಿಸಿಕೊಳ್ಳುವುದನ್ನು ಅಪರಾಧವೆಂದು ಎಣಿಸುವುದಿಲ್ಲ. ಗೃಹಕೃತ್ಯದ ನಡುವೆ ತಪ್ಪಿದ ನಾಟಕವನ್ನು ರಾತ್ರಿ ಕೇಳುವುದಕ್ಕೂ, ಅದನ್ನು ನಕಲು ಮಾಡಿ ಬೀದಿಯಲ್ಲಿ ಮಾರುವುದಕ್ಕೂ ಭೂಮ್ಯಾಕಾಶಗಳ ಅಂತರವುಂಟು. ನಟರೂ ಲೇಖಕರೂ ತಮ್ಮ ಕೃತಿಯಿಂದಲೇ ಜೀವಿಸುವವರು. ಅವರ ಅನ್ನಕ್ಕೆ ಕಲ್ಲು ಹಾಕುವ ಕೆಲಸಕ್ಕೆ ಉಪಕರಣವನ್ನು ಬಳಸುವವನು ಅದನ್ನು ಕಾಯುವವರಿಗೂ ದ್ರೋಹ ಬಗೆದಂತೆ. ತೆರಬೇಕಾದುದನ್ನು ತೆತ್ತು, ತಂದುದನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು ಮರ್ಯಾದೆಯ ಮೇರೆ.

ಕೊನೆಗೆ ಒಂದು ಮಾತು. ನಮ್ಮ ಕನ್ನಡ ಶಾಸನಗಳಲ್ಲಿ ದೇವಾಲಯಕ್ಕೆ ಭೂಮಿ ಬಿಟ್ಟುದನ್ನು ಹೇಳುವಾಗ, ಪೂಜೆಗೆ, ನೈವೇದ್ಯಕ್ಕೆ ಎಂಬುವುಗಳ ಜೊತೆಗೆ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ ಎಂಬ ಮಾತೂ ಮತ್ತೆ ಮತ್ತೆ ಬರುವುದು; ಎಂದರೆ ಒಡೆದುದು, ಬಿರಿದುದು, ಹಳತಾದುದು ಇವುಗಳ ದುರಸ್ತಿಗೆ ಎಂದು ಅರ್ಥ. ಕಟ್ಟಿಸಿದವನು ಕಟ್ಟಿಸಿದ ದಿನವೇ ಬಿರುಕನ್ನು ನೆನೆದು ಅದಕ್ಕೊಂದು ಪಾಲನ್ನು ಎತ್ತಿಟ್ಟನು. ನಾವಾದರೋ ಹೊಸದನ್ನು ತರುವಾಗ ದುರಸ್ತಿಯನ್ನು ನೆನೆಯುವುದಿಲ್ಲ. ಧರ್ಮಕ್ಕೆ ದೊರೆತುದು ಕೆಟ್ಟಾಗ ಮಾತ್ರ ಸಿಟ್ಟಾಗುತ್ತೇವೆ. ಇಂತಹ ಸಮುದಾಯದ ಉಪಕರಣವನ್ನು ಬಳಸುವ ಗೃಹಸ್ಥನು ತಂತ್ರಜ್ಞನಾಗಬೇಕಾದುದಿಲ್ಲ. ಮೊದಲು ಹೊಸ ಆವೃತ್ತಿಯನ್ನು ಹಾಕಿಕೊಂಡು ನೋಡಲಿ. ಆಮೇಲೂ ಕೆಡುಕು ಉಳಿದರೆ ಕಂಡುದನ್ನು ಕಂಡಂತೆ ಬರೆದು ತಿಳಿಸಲಿ. ಸರಿಯಾದ ದಿನ ಎರಡು ಒಳ್ಳೆಯ ಮಾತನ್ನಾಡಲಿ. ಕಾಯುವವರು ಕೆಲವರೇ. ಅವರಿಗೂ ಸಂಸಾರವುಂಟು, ಉದ್ಯೋಗವುಂಟು, ಬೇಸರವುಂಟು. ಅವರು ಒಂದು ದಿನ ಸದ್ದಿಲ್ಲದೆ ಎದ್ದುಹೋದರೆ, ಅಲ್ಲೊಬ್ಬರಿದ್ದರೆಂಬುದು ನಮಗೆ ಆ ದಿನವೇ ತಿಳಿಯುವುದು.