ಜಾತ್ರೆ ಮುಗಿದ ಮೇಲಿನ ಪ್ರಾರ್ಥನೆ



ಸಂಘದ ಯುಗಾದಿ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲೊಬ್ಬ ಹುಡುಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ: "ಅಂಕಲ್, ನೀವು ದಿನಾ ಪ್ರಾರ್ಥನೆ ಮಾಡ್ತೀರಾ? ನನಗೆ ನಾಲ್ಕು ದಿನಕ್ಕಿಂತ ಹೆಚ್ಚು ಆಗೋದೇ ಇಲ್ಲ." ಅವನ ಅಪ್ಪ ಅಮ್ಮ ಬೀದರ್ ಕಡೆಯವರು. ಅವನು ಹುಟ್ಟಿ ಬೆಳೆದದ್ದು ಸಿಕಂದರಾಬಾದಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹೈಟೆಕ್ ಸಿಟಿಯ ಆಫೀಸಿನಲ್ಲಿ ಇಂಗ್ಲಿಷು. ಅದೂ ರಾತ್ರಿ ಪಾಳಿ. ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು, ಹಿಂದೆ ಜನ ನೂಕುತ್ತಿದ್ದರು. "ಆಗ್ತದಪ್ಪ, ನಿಧಾನಕ್ಕೆ ಆಗ್ತದ" ಎಂದು ಹೇಳಿ ತಪ್ಪಿಸಿಕೊಂಡೆ. ಅದು ಉತ್ತರವಾಗಿರಲಿಲ್ಲ. ಮನೆಗೆ ಬಂದ ಮೇಲೂ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆದ್ದರಿಂದ ಈ ಬರಹ.

ನಮ್ಮ ಸಂಘದಲ್ಲಿ ಎಲ್ಲ ಮತದವರೂ ಇದ್ದೇವೆ. ಸಂಧ್ಯಾವಂದನೆಯೋ, ಇಷ್ಟಲಿಂಗ ಪೂಜೆಯೋ, ನಮಾಜೋ ತಪ್ಪಿಹೋದ ದಿನದ ಕಸಿವಿಸಿಯನ್ನು ಬಲ್ಲವರಿಗೆ ನಾನು ಹೇಳುವುದು ಪರಕೀಯವೆನಿಸಲಾರದು. ಆದರೆ ನಾನು ಬಲ್ಲದ್ದು ಕ್ರೈಸ್ತ ಮನೆಯ ಪ್ರಾರ್ಥನೆ. ಬಲ್ಲದ್ದನ್ನಷ್ಟೇ ಬರೆಯುತ್ತೇನೆ.

ಧಾರೂರಿನ ಹರಕೆ

ನಮ್ಮ ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯ ಊರುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ನಮ್ಮ ಅಪ್ಪಂದಿರಿಗೆ ಹೈದರಾಬಾದಿಗೆ ಹೋಗುವುದೆಂದರೆ ಪರರಾಜ್ಯಕ್ಕೆ ಹೋದಂತಿರಲಿಲ್ಲ. ತಾಲ್ಲೂಕು ಕಚೇರಿಗಿಂತ ದೊಡ್ಡ ಕಚೇರಿಗೆ ಹೋದಂತಿತ್ತು, ಅಷ್ಟೆ. ಆ ಹಳೆಯ ನಂಟು ಇಂದಿಗೂ ಎದ್ದು ಕಾಣುವ ಒಂದು ಜಾಗವಿದೆ. ವಾಡಿಯಿಂದ ಸಿಕಂದರಾಬಾದಿಗೆ ಬರುವ ರೈಲಿನಲ್ಲಿ, ತಾಂಡೂರು ದಾಟಿ ವಿಕಾರಾಬಾದ್ ತಲುಪುವ ಮುನ್ನ ಧಾರೂರ್ ಎಂಬ ಊರು ಬರುತ್ತದೆ. ಪ್ರತಿ ನವೆಂಬರಿನಲ್ಲಿ ಅಲ್ಲಿ ಮೆಥಡಿಸ್ಟ್ ಸಭೆಯವರ ಕ್ರೈಸ್ತ ಜಾತ್ರೆ ನೆರೆಯುತ್ತದೆ. ಹೌದು, ಜಾತ್ರೆ ಎಂದೇ ಅದರ ಹೆಸರು. ಹಿಂದೆ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಈಗ ರೈಲು, ಬಸ್ಸು, ಟ್ರ್ಯಾಕ್ಟರು. ಮರದ ಕೆಳಗೆ, ಡೇರೆಯೊಳಗೆ ಸಂಸಾರ ಹೂಡಿ, ಮೂರು ಕಲ್ಲಿಟ್ಟು ಅನ್ನ ಬೇಯಿಸಿಕೊಂಡು ಜನ ಉಳಿಯುತ್ತಾರೆ. ತೆಲುಗಿನ ಹಾಡು ಮುಗಿಯುವಷ್ಟರಲ್ಲಿ ಪಕ್ಕದ ಡೇರೆಯಿಂದ ಕನ್ನಡದ ಹಾಡು ಕೇಳುತ್ತದೆ.

ಹದಿನೇಳನೆಯ ವಯಸ್ಸಿನಲ್ಲಿ ಆ ಬಯಲಲ್ಲಿ ಕೂತು, ಎಲ್ಲರಂತೆ ಕಣ್ಣೀರಿಟ್ಟು, ನಾನೊಂದು ಹರಕೆ ಹೊತ್ತೆ. ಇನ್ನು ದಿನವೂ ನಸುಕಿನ ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥಿಸುತ್ತೇನೆ ಎಂದು. ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಚಳಿ ಹೆಚ್ಚಾಯಿತು. ಹನ್ನೊಂದನೆಯ ದಿನ, ಹತ್ತನೆಯ ದಿನ ತಪ್ಪಿಸಿದ್ದಕ್ಕೆ ನಾಚಿಕೆಯಾಗಿ ಏಳಲಿಲ್ಲ. ಆಮೇಲೆ ಮುಂದಿನ ಜಾತ್ರೆಯವರೆಗೆ ಆ ಮಾತೇ ಇಲ್ಲ. ಮುಂದಿನ ವರ್ಷ ಮತ್ತೆ ಅದೇ ಬಯಲು, ಅದೇ ಅಳು, ಅದೇ ಹರಕೆ.

ಮೂರನೆಯ ವರ್ಷ ಅವ್ವ ನಕ್ಕುಬಿಟ್ಟಳು. "ಒಂದು ದಿನ ಗಾಡಿ ತುಂಬಾ ನೀರು ತಂದ್ರ ಮನಿ ನಡೀತದೇನೋ? ದಿನಾ ಒಂದು ಕೊಡ ತರಬೇಕು." ಆಗ ನನಗೆ ಸಿಟ್ಟು ಬಂದಿತ್ತು. ನಾನು ಒಂದು ಗಂಟೆಯ ಮಾತಾಡುತ್ತಿದ್ದರೆ ಈಕೆ ಕೊಡದ ಮಾತಾಡುತ್ತಾಳಲ್ಲ ಎಂದು.

ಜಾತ್ರೆಯನ್ನು ನಾನು ಹೀಗಳೆಯುತ್ತಿಲ್ಲ. ಅಲ್ಲಿ ಹೊತ್ತಿದ ಬೆಂಕಿ ಸುಳ್ಳಲ್ಲ. ಆದರೆ ಅಷ್ಟು ಜನ ಸೇರಿ ಹಾಡಿದಾಗ ಮನಸ್ಸಿಗೆ ಬರುವ ಬಿಸಿಯನ್ನೇ ಪ್ರಾರ್ಥನೆ ಎಂದುಕೊಂಡವನು, ಮನೆಗೆ ಬಂದು ಒಬ್ಬನೇ ಗೋಡೆಗೆ ಮುಖ ಮಾಡಿ ಕೂತಾಗ ಏನೂ ಅನಿಸದಿದ್ದರೆ, ದೇವರೇ ಎದ್ದು ಹೋದನೆಂದು ಭಾವಿಸುತ್ತಾನೆ. ನಿಮ್ಮ ನಾಲ್ಕು ದಿನದ ಲೆಕ್ಕದ ಗುಟ್ಟು ಇಲ್ಲಿದೆ ಎಂದು ನನ್ನ ಅನಿಸಿಕೆ. ಬಿಸಿ ಆರುವುದಕ್ಕೆ ಅಷ್ಟು ದಿನ ಸಾಕು.

ಕಾಲೇಜು ಹುಡುಗರ ಅಡ್ಡಹೆಸರು

ಮೆಥಡಿಸ್ಟ್ ಎಂಬ ಹೆಸರು ಎಲ್ಲಿಂದ ಬಂತು ಗೊತ್ತೇ? 1729ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ವೆಸ್ಲಿ ಎಂಬ ವಿದ್ಯಾರ್ಥಿ ಕೆಲವು ಗೆಳೆಯರನ್ನು ಕೂಡಿಸಿಕೊಂಡ. ಮುಂದೆ ಅವನ ಅಣ್ಣ ಜಾನ್ ವೆಸ್ಲಿ ಅದರ ಮುಂದಾಳಾದ. ಪ್ರಾರ್ಥನೆಗೆ ಇಂಥ ಹೊತ್ತು, ಸತ್ಯವೇದ ಓದುವುದಕ್ಕೆ ಇಂಥ ಹೊತ್ತು, ಬುಧವಾರ ಶುಕ್ರವಾರ ಉಪವಾಸ, ಸೆರೆಮನೆಯಲ್ಲಿರುವವರನ್ನು ನೋಡಿಬರುವುದು - ಹೀಗೆ ಎಲ್ಲಕ್ಕೂ ಒಂದು ಕ್ರಮ. ಇದನ್ನು ಕಂಡು ಉಳಿದ ಹುಡುಗರು ನಕ್ಕು ಇಟ್ಟ ಅಡ್ಡಹೆಸರೇ 'ಮೆಥಡಿಸ್ಟರು', ಅಂದರೆ ಕ್ರಮದವರು. ಇಂದು ಬೀದರಿನಲ್ಲಿ ಚರ್ಚಿನ ಫಲಕದ ಮೇಲಿರುವ ಹೆಸರು ಒಂದು ಕಾಲಕ್ಕೆ ನಿಮ್ಮ ವಯಸ್ಸಿನವರು ಮಾಡಿದ ಗೇಲಿ!

ಆ ವೆಸ್ಲಿ ಸಹೋದರರ ತಾಯಿ ಸುಸಾನ. ಹೆತ್ತದ್ದು 19 ಮಕ್ಕಳನ್ನು. ಅವರಲ್ಲಿ ಒಂಬತ್ತು ಮಕ್ಕಳು ಎಳವೆಯಲ್ಲೇ ತೀರಿಹೋದವು. ಅಂಥ ಗದ್ದಲದ ಮನೆಯಲ್ಲಿ ಆಕೆಗೆ ಏಕಾಂತದ ಕೋಣೆ ಎಲ್ಲಿ ಬರಬೇಕು? ಅಡುಗೆಯ ಮೇಲುಡುಪನ್ನು ತಲೆಯ ಮೇಲೆ ಎಳೆದುಕೊಂಡು ಕೂತರೆ ಅಮ್ಮ ಪ್ರಾರ್ಥನೆಯಲ್ಲಿದ್ದಾಳೆಂದು ಮಕ್ಕಳು ಸುಮ್ಮನಾಗುತ್ತಿದ್ದರಂತೆ. ಈ ಕಥೆಯನ್ನು ನಾನು ಓದಿದ್ದು ಬಹಳ ತಡವಾಗಿ. ಓದಿದಾಗ ನಗು ಬಂತು. ನಮ್ಮವ್ವ ಒಲೆಯ ಮುಂದೆ ಸೆರಗನ್ನು ತಲೆಗೆಳೆದುಕೊಂಡು ಕೂರುತ್ತಿದ್ದುದೂ ಅದೇ ಅಲ್ಲವೇ! ಆಕೆಗೆ ಸುಸಾನಳ ಹೆಸರೂ ಗೊತ್ತಿರಲಿಲ್ಲ.

ಅದಕ್ಕೆ ರಾತ್ರಿ ಪಾಳಿಯ ಗೆಳೆಯನಿಗೆ ನಾನು ಹೇಳುವುದಿಷ್ಟು. ಗಡಿಯಾರದ ಹೊತ್ತನ್ನು ಹಿಡಿಯಬೇಡ. ನಿನ್ನ ಪಾಳಿ ತಿಂಗಳಿಗೊಮ್ಮೆ ಬದಲಾಗುತ್ತದೆ, ಗಡಿಯಾರ ನಿನಗೆ ಮೋಸ ಮಾಡುತ್ತದೆ. ದಿನವೂ ತಪ್ಪದೆ ಮಾಡುವ ಯಾವುದಾದರೂ ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಗಂಟು ಹಾಕು. ಎದ್ದ ಮೇಲೆ ಫೋನು ಮುಟ್ಟುವ ಮೊದಲು ಎಂದಿಟ್ಟುಕೊ. ಇಲ್ಲವೇ ಆಫೀಸಿನ ಕ್ಯಾಬು ಬರುವ ಮೊದಲು. ನಮ್ಮ ಹಳೆಯ ಮನೆಗಳಲ್ಲಿ ಕಂದೀಲು ಹಚ್ಚಿದ ಮೇಲೆ, ಊಟಕ್ಕೆ ಕೂರುವ ಮೊದಲು ಕುಟುಂಬ ಪ್ರಾರ್ಥನೆ ನಡೆಯುತ್ತಿತ್ತು. ಗಡಿಯಾರವೇ ಇಲ್ಲದ ಮನೆಯಲ್ಲೂ ಅದು ತಪ್ಪಲಿಲ್ಲ, ಏಕೆಂದರೆ ಹಸಿವೆ ತಪ್ಪುತ್ತಿರಲಿಲ್ಲ.

ಎಷ್ಟು ಹೊತ್ತು? ಮೊದಮೊದಲು ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ದಿದಾಖೆ ಎಂಬುದು ಕ್ರೈಸ್ತರ ಅತ್ಯಂತ ಹಳೆಯ ಕೈಪಿಡಿಗಳಲ್ಲೊಂದು. ಅದು ವಿಶ್ವಾಸಿಗಳಿಗೆ ಹೇಳುವುದು ದಿನಕ್ಕೆ ಮೂರು ಸಲ ಕರ್ತನ ಪ್ರಾರ್ಥನೆ ಹೇಳಿರಿ ಎಂದು. ಎಷ್ಟು ನಿಧಾನವಾಗಿ ಹೇಳಿದರೂ ಆ ಪ್ರಾರ್ಥನೆ ಒಂದು ನಿಮಿಷ ಹಿಡಿಯದು. ದಾನಿಯೇಲನೂ ಪರದೇಶದಲ್ಲಿ, ಕಿಟಕಿ ತೆರೆದು, ತನ್ನೂರಿನ ದಿಕ್ಕಿಗೆ ತಿರುಗಿ ದಿನಕ್ಕೆ ಮೂರು ಸಲವೇ ಮೊಣಕಾಲೂರುತ್ತಿದ್ದ. ನಮ್ಮ ಕಥೋಲಿಕ ಗೆಳೆಯರ ತ್ರಿಕಾಲ ಪ್ರಾರ್ಥನೆಯೂ ಬೆಳಿಗ್ಗೆ, ನಡುಹಗಲು, ಸಂಜೆ ಎಂದು ಮೂರೇ. ಪೂರ್ವಿಕರು ಇಷ್ಟು ಚಿಕ್ಕದನ್ನು ಕೇಳಿರುವಾಗ ನಾವೇಕೆ ನಸುಕಿನ ನಾಲ್ಕು ಗಂಟೆಯಿಂದ ಶುರುಮಾಡಬೇಕು?

ದೊಡ್ಡವರ ಮಾದರಿ ನಮ್ಮನ್ನು ಹೆದರಿಸುವುದೂ ಉಂಟು. ನಮ್ಮ ಊರಿನಲ್ಲೇ, ಗೋಲ್ಕೊಂಡ ಚೌರಸ್ತೆಯ ಹೆಬ್ರೋನಿನಲ್ಲಿ, ಬಖ್ತ್ ಸಿಂಗರು ಬಾಳಿದರು. ಪಂಜಾಬಿನ ಸಿಖ್ಖರ ಮನೆಯಲ್ಲಿ 1903ರಲ್ಲಿ ಹುಟ್ಟಿದವರು. ಎಂಜಿನಿಯರಿಂಗ್ ಓದಲು ಲಂಡನ್ನಿಗೂ ಕೆನಡಾಕ್ಕೂ ಹೋದವರು ಅಲ್ಲಿ ಸತ್ಯವೇದ ಓದಿ ಕ್ರಿಸ್ತನನ್ನು ಒಪ್ಪಿಕೊಂಡು 1933ರಲ್ಲಿ ಹಿಂತಿರುಗಿದರು. ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ಮೊಣಕಾಲಿನ ಮೇಲಿರುತ್ತಿದ್ದರೆಂದು ಅವರನ್ನು ಕಂಡವರು ಹೇಳುತ್ತಾರೆ. 2000ದ ಸೆಪ್ಟೆಂಬರ್ 17ರಂದು ಇದೇ ಹೈದರಾಬಾದಿನಲ್ಲಿ ತೀರಿಕೊಂಡರು. ಅವರ ಕಥೆ ಓದಿ, ಖಂಡಿತ ಓದಿ. ಆದರೆ ನಾಳೆಯೇ ಅವರಂತಾಗಲು ಹೊರಡಬೇಡಿ. ನಾನು ಹೊರಟು ಕೆಟ್ಟವನು.

ಯಾವ ಭಾಷೆಯಲ್ಲಿ?

ನಿಮ್ಮ ಪೀಳಿಗೆಗೆ ಮಾತ್ರ ಇರುವ ತೊಡಕೊಂದಿದೆ. "ಕನ್ನಡದಲ್ಲಿ ಪ್ರಾರ್ಥನೆ ಮಾಡೋಕೆ ನನಗೆ ಬರಲ್ಲ, ಇಂಗ್ಲಿಷಿನಲ್ಲಿ ಮಾಡಿದರೆ ಅಮ್ಮನಿಗೆ ಬೇಜಾರು" ಎನ್ನುವವರನ್ನು ಕಂಡಿದ್ದೇನೆ. ಮನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ, 'ಈಗ ನೀನು ಮಾಡು' ಎಂದಾಗ ನಾಲಿಗೆ ಕಟ್ಟುತ್ತದೆ. ಕರ್ತನೇ, ಕೃಪಾಳುವೇ, ಕನಿಕರಿಸು - ಈ ಪದಗಳನ್ನು ನೀವು ಬೇರೆಲ್ಲೂ ಕೇಳಿಲ್ಲ.

ಒಂದು ಸಂಗತಿ ತಿಳಿದುಕೊಳ್ಳಿ. ಸಂಪೂರ್ಣ ಸತ್ಯವೇದ ಕನ್ನಡದಲ್ಲಿ ಮೊದಲು ಬಂದದ್ದು 1831ರಲ್ಲಿ. ಅದರ ಹಿಂದೆ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ವರ್ಷಗಳ ದುಡಿಮೆಯಿತ್ತು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನಂಡ್ ಕಿಟ್ಟೆಲರು 1894ರಲ್ಲಿ ಆ ಮಹಾನಿಘಂಟನ್ನು ಕೊಟ್ಟರಲ್ಲವೇ, ಅವರಿಗೂ ಕನ್ನಡ ತಾಯ್ನುಡಿಯಲ್ಲ. ಅಂದರೆ ನಮ್ಮ ಪ್ರಾರ್ಥನೆಯ ಗ್ರಂಥದ ಕನ್ನಡಕ್ಕೆ ಆರಂಭದಲ್ಲಿ ದುಡಿದವರೇ ತೊದಲಿ ತೊದಲಿ ಕನ್ನಡ ಕಲಿತವರು. ನೀವು ತೊದಲಿದರೆ ಯಾವ ಅಪರಾಧ?

ಇನ್ನು ನಮ್ಮವ್ವನ ಪ್ರಾರ್ಥನೆ ಪುಸ್ತಕದ ಕನ್ನಡದಲ್ಲಿ ಇರಲೇ ಇಲ್ಲ. "ಯಪ್ಪಾ ದೇವರೇ, ನನ್ನ ಫಿಕರ್ ನಿನಗ ಅದ. ತಪ್ಪಾಗ್ಯದ, ಮಾಫ್ ಮಾಡು" - ಅರ್ಧ ಉರ್ದು, ಪೂರ್ತಿ ಬೀದರ್. ನನ್ನ ಸಲಹೆ ಇದು: ಒಬ್ಬರೇ ಇರುವಾಗ ಮನಸ್ಸಿಗೆ ಬಂದ ಭಾಷೆಯಲ್ಲಿ ಮಾತಾಡಿ. ತೆಲುಗಾದರೂ ಸರಿ. ಆದರೆ ಬಾಯಿಪಾಠದ ಒಂದು ಪ್ರಾರ್ಥನೆಯನ್ನು, ಕರ್ತನ ಪ್ರಾರ್ಥನೆಯನ್ನಾದರೂ, ಕನ್ನಡದಲ್ಲಿ ಉಳಿಸಿಕೊಳ್ಳಿ. ಅಮ್ಮನಿಗಾಗಿ ಮಾತ್ರವಲ್ಲ. ಆಕೆ ಹಾಸಿಗೆ ಹಿಡಿದ ದಿನ ನೀವಿಬ್ಬರೂ ಕೂಡಿ ಹೇಳಬಹುದಾದ ನಾಲ್ಕು ಮಾತು ಇರಬೇಕು.

ಮಾತೇ ಹೊರಡದ ದಿನಗಳಿಗೆ ಕೀರ್ತನೆಗಳಿವೆ. ಒಟ್ಟು 150, ದಿನಕ್ಕೊಂದರಂತೆ ಐದು ತಿಂಗಳು. 117ನೆಯದಕ್ಕೆ ಎರಡೇ ವಚನ. 119ನೆಯದಕ್ಕೆ 176, ಅದನ್ನು ಮಾತ್ರ ವಾರಗಟ್ಟಲೆ ಹಂಚಿಕೊಳ್ಳಿ! ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದವರಿಗೆ ಇಡೀ ನೂರೈವತ್ತನ್ನು ಒಂದು ವಾರಕ್ಕೆ ಹಂಚಿಕೊಟ್ಟಿದ್ದರು. ನಮಗೆ ಅಷ್ಟು ಬೇಡ. ಓದುತ್ತ ಹೋದರೆ ನಿಮಗೊಂದು ಆಶ್ಚರ್ಯ ಕಾದಿದೆ. ಅಲ್ಲಿ ಸ್ತುತಿಯಷ್ಟೇ ಅಲ್ಲ, ದೂರುಗಳೂ ಹೇರಳವಾಗಿವೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಕೊನೆಗೆ ಬರುವುದಿಲ್ಲ. ದೇವರ ಮೇಲೆ ಸಿಟ್ಟು ಬಂದಾಗ ಪ್ರಾರ್ಥನೆ ನಿಲ್ಲಿಸಬೇಕಾಗಿಲ್ಲ. ಆ ಸಿಟ್ಟನ್ನೇ ಪ್ರಾರ್ಥನೆ ಮಾಡಿದವರು ನಮಗಿಂತ ಮೊದಲು ಇದ್ದರು.

ತಪ್ಪಿದ ದಿನ

ಇದನ್ನು ನಾನು ತಿಳಿದು ಹೇಳುತ್ತಿದ್ದೇನೆ. 2009ರಲ್ಲಿ ಅವ್ವ ತೀರಿಕೊಂಡಳು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನಾನು ಇಪ್ಪತ್ತೆರಡು ದಿನ ಪ್ರಾರ್ಥಿಸಿದ್ದೆ. ಕೇಳಿದ್ದು ಸಿಗಲಿಲ್ಲ. ಅಂದಿನಿಂದ ಹದಿನಾಲ್ಕು ತಿಂಗಳು ನಾನು ಪ್ರಾರ್ಥನೆ ಮಾಡಲಿಲ್ಲ. ಭಾನುವಾರ ಚರ್ಚಿಗೆ ಹೋಗುತ್ತಿದ್ದೆ, ಕಾಣಿಕೆ ಹಾಕುತ್ತಿದ್ದೆ, ಎಲ್ಲರ ಕೈ ಕುಲುಕುತ್ತಿದ್ದೆ. ಮನೆಯಲ್ಲಿ ಊಟಕ್ಕೆ ಮೊದಲು ನನ್ನಾಕೆ ಮಕ್ಕಳ ಕೈಲಿ ಪ್ರಾರ್ಥನೆ ಹೇಳಿಸುವಾಗ ನಾನು ಕಣ್ಣು ತೆರೆದೇ ಇರುತ್ತಿದ್ದೆ. ಮಗಳು ಅದನ್ನು ನೋಡಿದ್ದಾಳೆಂದು ನನಗೆ ಗೊತ್ತಿತ್ತು. ಆಕೆ ಏನೂ ಕೇಳಲಿಲ್ಲ.

ಒಂದು ದಿನ ಟ್ರಂಕಿನಲ್ಲಿ ಏನೋ ಹುಡುಕುವಾಗ ಅವ್ವನ ಸತ್ಯವೇದ ಸಿಕ್ಕಿತು. ಒಳಗೆ ನಾಲ್ಕು ಮಡಿಕೆಯಾಗಿದ್ದ ಒಂದು ಹಾಳೆ. ದೊಡ್ಡ ದೊಡ್ಡ ಅಕ್ಷರದಲ್ಲಿ ಮೂವತ್ತೊಂದು ಹೆಸರು. ತಿಂಗಳಿನ ದಿನಕ್ಕೊಂದು ಎಂದು ಆಮೇಲೆ ಹೊಳೆಯಿತು. ಬೇಡಿಕೆ ಏನೂ ಬರೆದಿರಲಿಲ್ಲ, ಬರೀ ಹೆಸರು. ನಮ್ಮ ಹೊಲದ ಬದುವಿಗಾಗಿ ಎಂಟು ವರ್ಷ ಕೋರ್ಟಿಗೆ ಅಲೆಸಿದ ಪಕ್ಕದ ಹೊಲದವನ ಹೆಸರೂ ಅದರಲ್ಲಿತ್ತು. ಹತ್ತೊಂಬತ್ತನೆಯದು.

ಆ ದಿನ ತಾರೀಖು ಹತ್ತೊಂಬತ್ತಾಗಿರಲಿಲ್ಲ, ಏಳು. ಏಳನೆಯ ಹೆಸರು ನಮ್ಮ ಚಿಕ್ಕಮ್ಮನದು. ಆ ಹೆಸರನ್ನು ಗಟ್ಟಿಯಾಗಿ ಓದಿದೆ. ಬೇರೇನೂ ಹೇಳಲು ಬರಲಿಲ್ಲ. ಮರುದಿನ ಎಂಟನೆಯದು. ಹೀಗೆ ನಾನು ಮತ್ತೆ ಶುರುಮಾಡಿದ್ದು. ಹತ್ತೊಂಬತ್ತನೆಯ ತಾರೀಖು ಬಂದಾಗ ಎರಡು ತಿಂಗಳು ಹಾರಿಸಿದೆ. ಮೂರನೆಯ ತಿಂಗಳು ಓದಿದೆ.

ತಪ್ಪಿದ ದಿನಗಳ ಬಾಕಿಯನ್ನು ನಾನು ತೀರಿಸಲಿಲ್ಲ ಎಂಬುದನ್ನು ಗಮನಿಸಿ. ನಿಮ್ಮಲ್ಲಿ ಬಹಳ ಮಂದಿ ಕೆಡುವುದು ಅಲ್ಲೇ. ಎರಡು ದಿನ ತಪ್ಪಿದರೆ ಮೂರನೆಯ ದಿನ ಮೂರರಷ್ಟು ಮಾಡಬೇಕೆಂದು ಹೊರಟು, ಆಗದೆ, ಪೂರ್ತಿ ಬಿಡುತ್ತೀರಿ. ಇದು ಬಡ್ಡಿ ಬೆಳೆಯುವ ಸಾಲವಲ್ಲ. ನಿನ್ನೆಯದು ಹೋಯಿತು. ಇವತ್ತಿನ ತಾರೀಖಿನ ಹೆಸರು ಯಾವುದೋ ಅದನ್ನು ಓದಿ.

ನಿಮ್ಮ ಹಾಳೆಯನ್ನು ನೀವೇ ಬರೆದುಕೊಳ್ಳಬೇಕು. ಫೋನಿನಲ್ಲಿ ಬರೆದರೂ ಆದೀತು, ನನಗೆ ಕಾಗದವೇ ಇಷ್ಟ. ಮನೆಯವರಿಂದ ಶುರುವಾಗಲಿ, ಆಫೀಸಿನವರು ಬರಲಿ, ನಿಮ್ಮ ಮೇಲೆ ಹರಿಹಾಯುವ ಮ್ಯಾನೇಜರ್ ಎಲ್ಲೋ ಒಂದು ಕಡೆ ಇರಲಿ.

ಆ ಹುಡುಗನಿಗೆ ಇದನ್ನೆಲ್ಲ ಫೋನಿನಲ್ಲೂ ಹೇಳಿದೆ. ಮೊನ್ನೆ ಸಿಕ್ಕಾಗ, "ಅಂಕಲ್, ಆರು ದಿನ ಆಯ್ತು, ಏಳನೇ ದಿನ ನಿದ್ದೆ ಬಂತು" ಎಂದ. ಎಂಟನೆಯ ದಿನ ಏನಾಯಿತು ಎಂದು ಕೇಳಿದೆ. "ಎಂಟನೇ ಹೆಸರು ಓದಿದೆ" ಎಂದ. ಈ ನವೆಂಬರಿನಲ್ಲಿ ನಾವಿಬ್ಬರೂ ಧಾರೂರಿಗೆ ಹೋಗುವುದೆಂದು ಮಾತಾಗಿದೆ. ಬರುವವರಿದ್ದರೆ ಮೊದಲೇ ತಿಳಿಸಿ. ಡೇರೆ ಸಣ್ಣದು, ಅಕ್ಕಿ ಬೇಳೆ ಲೆಕ್ಕ ಹಾಕಿಕೊಂಡು ಹೋಗಬೇಕು.